ಹತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಸಂಸಾರ

ಥಾಯ್ಲೆಂಡಿಗೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಬರಬಹುದೇ ಎಂದು ಊರಿನ ಕಡೆಯ ಗೆಳೆಯರು, ಅದರಲ್ಲೂ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಪ್ರತಿ ವರ್ಷ ಮರುನೇಮಕಕ್ಕೆ ಕಾಯುತ್ತ ಕೂತವರು, ಆಗಾಗ ನನ್ನನ್ನು ಕೇಳುತ್ತಾರೆ. ಎಲ್ಲರೂ ಮೊದಲು ವಿಚಾರಿಸುವುದು ತಿಂಗಳ ಸಂಬಳವನ್ನು. ಹೆಂಡತಿ ಮತ್ತು ಸಣ್ಣ ಮಗುವನ್ನು ಕರೆದುಕೊಂಡು ಹೊರಡುವವರು ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ವರ್ಷದಲ್ಲಿ ಎಷ್ಟು ತಿಂಗಳು ಸಂಬಳ ಬರುತ್ತದೆ, ಮತ್ತು ಜೊತೆಗೆ ಬರುವವರಿಗೆ ದುಡಿಯುವ ಅವಕಾಶ ಉಂಟೇ? ನಾನು ಇದನ್ನು ಕೇಳದೆಯೇ ಹೊರಟವನು. ಆ ತಪ್ಪಿನ ಭಾರವನ್ನು ನನಗಿಂತ ಹೆಚ್ಚಾಗಿ ನನ್ನ ಹೆಂಡತಿ ಹೊತ್ತಳು ಎಂಬ ಕಾರಣಕ್ಕೆ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

2022ರ ಮೇ ತಿಂಗಳಲ್ಲಿ ನಾವು ಸುಳ್ಯ ಬಿಟ್ಟು ಬ್ಯಾಂಕಾಕಿನ ಈಶಾನ್ಯಕ್ಕಿರುವ, ಎಲ್ಲರೂ ಕೋರಾಟ್ ಎಂದು ಕರೆಯುವ ನಖೋನ್ ರಾಚಸೀಮಾಕ್ಕೆ ಬಂದೆವು. ಮಗಳಿಗೆ ಆಗ ಮೂರು ವರ್ಷ. ಸಿಬ್ಬಂದಿ ಪೂರೈಸುವ ಒಂದು ಏಜೆನ್ಸಿಯ ಮೂಲಕ ಸಿಕ್ಕ ಕೆಲಸ. ತಿಂಗಳಿಗೆ 24,000 ಬಾತ್, ಆಗಿನ ದರದಲ್ಲಿ ಸುಮಾರು 55 ಸಾವಿರ ರೂಪಾಯಿ. ಅತಿಥಿ ಉಪನ್ಯಾಸಕನಾಗಿದ್ದ ನನ್ನ ಕಣ್ಣಿಗೆ ಅದು ದೊಡ್ಡ ಮೊತ್ತವಾಗಿ ಕಂಡಿತ್ತು. ಇಲ್ಲಿನ ಶಾಲೆಗಳು ಮೇ ಮಧ್ಯದಲ್ಲಿ ತೆರೆದು ಮಾರ್ಚ್ ವೇಳೆಗೆ ಮುಚ್ಚುತ್ತವೆ. ನನ್ನ ಒಪ್ಪಂದ ಹತ್ತು ತಿಂಗಳದ್ದು. ಬೇಸಿಗೆಯ ಎರಡು ತಿಂಗಳು ಸಂಬಳವಿಲ್ಲ ಎಂಬ ಸಾಲು ಅದರಲ್ಲಿತ್ತು. ಓದಿದ್ದೆ, ಆದರೆ ಲೆಕ್ಕ ಹಾಕಿರಲಿಲ್ಲ. ಹನ್ನೆರಡು ತಿಂಗಳಿಗೆ ಹಂಚಿದರೆ 24,000 ಎಂಬುದು 20,000 ಆಗುತ್ತದೆ. ಅದರಲ್ಲೇ ಮನೆ ಬಾಡಿಗೆ, ಮಗಳ ಶಾಲೆ, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳುಹಿಸುವ ಹಣ. ಸಂಬಳದಿಂದ ಕಡಿತವಾಗುತ್ತಿದ್ದ ಸಾಮಾಜಿಕ ಭದ್ರತಾ ನಿಧಿಯಿಂದ ಆಸ್ಪತ್ರೆಯ ಸೌಲಭ್ಯ ಸಿಗುತ್ತಿದ್ದದ್ದು ನನಗೊಬ್ಬನಿಗೆ ಮಾತ್ರ. ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂದು ನಾಲ್ಕು ದಿನ ಖಾಸಗಿ ಆಸ್ಪತ್ರೆಯಲ್ಲಿ ಇರಿಸಬೇಕಾದಾಗ ಹೆಂಡತಿಯ ಬಳೆಗಳನ್ನು ಮಾರಿ ಬಿಲ್ಲು ಕಟ್ಟಿದೆವು.

ಈ ವೃತ್ತಿಯಲ್ಲಿ ಪಾಸ್‌ಪೋರ್ಟಿಗೂ ಒಂದು ಬೆಲೆಯಿದೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರಿಗಾಗಿ ಇರುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪ್ರಜೆಗಳಿಗೆ ಮೀಸಲು. ಥಾಯ್ಲೆಂಡ್ ಅಷ್ಟು ಬಿಗಿಯಲ್ಲ, ಆದರೆ ನಮ್ಮಂಥವರಿಂದ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಟೋಯಿಕ್ ಪರೀಕ್ಷೆಯ ಅಂಕಗಳನ್ನು ಕೇಳುತ್ತಾರೆ. ಕೊಠಡಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಇಂಗ್ಲೆಂಡಿನ ಯುವಕನಿಗೆ ಬೋಧನೆಯ ತರಬೇತಿ ಇರಲಿಲ್ಲ. ಅವನ ಸಂಬಳ 35,000 ಬಾತ್. ಅವನ ಮೇಲೆ ನನಗೆ ಕೋಪವಿಲ್ಲ, ಒಳ್ಳೆಯ ಹುಡುಗ. ಎದುರು ಮೇಜಿನ ಫಿಲಿಪೀನ್ಸ್‌ನ ಶಿಕ್ಷಕಿ ನನ್ನಷ್ಟೂ ಪಡೆಯುತ್ತಿರಲಿಲ್ಲ. ತನ್ನ ಇಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಬಂದು ಆರು ವರ್ಷಗಳಿಂದ ಇತರರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವಿವಾಹಿತರು ಒಂದೆರಡು ವರ್ಷ ಸುತ್ತಾಡಿಕೊಂಡು ಹೋಗಲು ಹೇಳಿ ಮಾಡಿಸಿದ ಒಪ್ಪಂದಗಳನ್ನೇ ಸಂಸಾರಸ್ಥರ ಮುಂದೆಯೂ ಇಡುತ್ತಾರೆ ಎಂಬುದೇ ನನ್ನ ಆಕ್ಷೇಪ.

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವನಿಗೆ ಈ ತರಗತಿಗಳಲ್ಲಿ ಸಲ್ಲಬೇಕಾದ ಮರ್ಯಾದೆ ಇದೆ ಎಂದು ನಾನು ನಂಬುತ್ತೇನೆ. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಲಕಾರ ನಿಲ್ಲುವುದಿಲ್ಲ, ಅದು ನಕಾರವಾಗುತ್ತದೆ; ಸಕಾರ ತಕಾರವಾಗುತ್ತದೆ. ಆದ್ದರಿಂದ ಮಕ್ಕಳ ಬಾಯಲ್ಲಿ ಸ್ಕೂಲ್ ಎಂಬುದು ‘ಸಕೂನ್’, ಬಸ್ ಎಂಬುದು ‘ಬತ್’. ಅದನ್ನು ಕೇಳಿದಾಗಲೆಲ್ಲ ನನಗೆ ‘ಇಸ್ಕೂಲು’, ‘ಬಸ್ಸು’ ಎನ್ನುತ್ತಿದ್ದ ನನ್ನ ಬಾಲ್ಯ ನೆನಪಾಗುತ್ತದೆ. ನಾವು ಕೊನೆಗೊಂದು ಉಕಾರ ಸೇರಿಸಿ ಪದವನ್ನು ನಮ್ಮದಾಗಿಸಿಕೊಂಡ ಹಾಗೆಯೇ ಅವರು ಕೊನೆಯ ಧ್ವನಿಯನ್ನು ಬದಲಿಸಿ ಅವರದಾಗಿಸಿಕೊಂಡಿದ್ದಾರೆ. ಸೋಮಾರಿತನದಿಂದ ಹಾಗೆ ಹೇಳುತ್ತಾರೆ ಎಂದು ಗದರುವ ಶಿಕ್ಷಕರನ್ನು ಕಂಡಿದ್ದೇನೆ. ನಾಲಿಗೆಯನ್ನು ಹಲ್ಲಿನ ಹಿಂದೆ ಎಲ್ಲಿ ಊರಬೇಕು ಎಂಬುದನ್ನು ನಾನು ಕಷ್ಟಪಟ್ಟು ಕಲಿತವನಾದ್ದರಿಂದ ಅದನ್ನು ತಾಳ್ಮೆಯಿಂದ ತೋರಿಸಬಲ್ಲೆ.

ಕೆಲಸವನ್ನು ಬಿಡದಿರಲು ಇನ್ನೂ ಒಂದು ಕಾರಣವಿದೆ. ಇಲ್ಲಿ ಶಿಕ್ಷಕರನ್ನು ‘ಖ್ರೂ’ ಎನ್ನುತ್ತಾರೆ; ಅದು ನಮ್ಮ ಗುರುವೇ. ಶಾಲೆ ತೆರೆದ ಮೇಲೆ, ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ, ‘ವಾಯ್ ಖ್ರೂ’ ಎಂಬ ಗುರುವಂದನೆ ನಡೆಯುತ್ತದೆ. ಮಕ್ಕಳು ತರುವ ಹೂಗೊಂಚಲಿನಲ್ಲಿ ಕೇಪಳ, ಗರಿಕೆ ಮತ್ತು ಬದನೆಯ ಹೂ ಇರುವುದು ಸಂಪ್ರದಾಯ: ಕೇಪಳದ ಮೊಗ್ಗಿನ ಮೊನೆಯಂತೆ ಬುದ್ಧಿ ಚುರುಕಾಗಲಿ, ಗರಿಕೆಯಂತೆ ವಿದ್ಯೆ ಹಬ್ಬಲಿ, ಬಾಗಿ ಅರಳುವ ಬದನೆ ಹೂವಿನಂತೆ ವಿನಯವಿರಲಿ ಎಂದು. ನಮ್ಮ ಗುಡ್ಡದಲ್ಲಿ ಯಾರೂ ನೆಡದೆ ಬೆಳೆಯುವ ಕೇಪಳವನ್ನು ಹಿಡಿದು ಒಂದು ಮಗು ಮಂಡಿಯೂರಿ ನಮಸ್ಕರಿಸಿದಾಗ ಆ ಮೊದಲ ವರ್ಷ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬ ಶಿಕ್ಷಕಿ ಸುಮ್ಮನೆ ಕುಳಿತಿದ್ದಳು. ನನ್ನ ಹೆಂಡತಿ ಊರಿನಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ, ಬಿ.ಎಡ್. ಮುಗಿಸಿ ಏಳು ವರ್ಷ ಪಾಠ ಮಾಡಿದವಳು. ನನಗೆ ಉದ್ಯೋಗದ ನಾನ್-ಬಿ ವೀಸಾ, ಅವಳಿಗೂ ಮಗಳಿಗೂ ಅವಲಂಬಿತರ ನಾನ್-ಒ. ಅದರ ಮೇಲೆ ಅವಳು ದುಡಿಯುವಂತಿಲ್ಲ. ಎರಡು ಸಂಬಳದ ಮನೆಯನ್ನು ಒಂದು ಸಂಬಳಕ್ಕೆ ಇಳಿಸಿಕೊಂಡು ಬಂದಿದ್ದೆವು ಎಂಬುದು ಅರಿವಿಗೆ ಬರಲು ನನಗೆ ಒಂದು ವರ್ಷವೇ ಹಿಡಿಯಿತು. ಅವಳಿಗೆ ಅದು ಮೊದಲ ತಿಂಗಳಲ್ಲೇ ತಿಳಿದಿತ್ತು. ನನಗೆ ಬೇಸರವಾದೀತೆಂದು ಹೇಳಿರಲಿಲ್ಲ.

ಮಗಳ ವಿಷಯದಲ್ಲಿ ನನ್ನ ಭಯ ಸುಳ್ಳಾಯಿತು. ಅಂತಾರಾಷ್ಟ್ರೀಯ ಶಾಲೆಗಳ ಶುಲ್ಕ ನಮ್ಮ ಕೈಗೆಟುಕುವಂಥದ್ದಲ್ಲವಾದ್ದರಿಂದ ಅವಳನ್ನು ಥಾಯ್ ಶಿಶುವಿಹಾರಕ್ಕೇ ಹಾಕಿದೆವು. ಅದನ್ನು ಇಲ್ಲಿ ‘ಅನುಬಾನ್’ ಎನ್ನುತ್ತಾರೆ. ಬರೆಯುವಾಗ ಕೊನೆಯಲ್ಲಿ ಲಕಾರವೇ ಇದೆ. ಆರು ತಿಂಗಳಲ್ಲಿ ಮಾರುಕಟ್ಟೆಯಲ್ಲಿ ನಮ್ಮ ಪರವಾಗಿ ಮಾತನಾಡತೊಡಗಿದಳು. ಈಗ ಒಂದನೇ ತರಗತಿ. ಕನ್ನಡ ಸರಾಗವಾಗಿ ಮಾತನಾಡುತ್ತಾಳೆ, ಓದಲು ಮಾತ್ರ ತಡವರಿಸುತ್ತಾಳೆ. ರಾತ್ರಿ ಊಟದ ನಂತರ ಅವಳಮ್ಮ ಒತ್ತಕ್ಷರ ಬರೆಸುತ್ತಾಳೆ.

ಎರಡನೇ ವರ್ಷ ಏಜೆನ್ಸಿಯನ್ನು ಬಿಟ್ಟು, ನೇರವಾಗಿ ನೇಮಿಸಿಕೊಳ್ಳುವ ಖಾಸಗಿ ಶಾಲೆಯೊಂದರಲ್ಲಿ ಹನ್ನೆರಡು ತಿಂಗಳ ಒಪ್ಪಂದಕ್ಕೆ ಸೇರಿದೆ. ಸಂಬಳ ಸಾವಿರ ಬಾತ್ ಮಾತ್ರ ಹೆಚ್ಚು, ಆದರೆ ಏಪ್ರಿಲ್‌ನಲ್ಲಿ ಸಾಲ ಮಾಡುವುದು ನಿಂತಿತು. ಬರುವವರಿಗೆ ನಾನು ಹೇಳುವುದು ಇಷ್ಟು. ಹನ್ನೆರಡು ತಿಂಗಳ ಒಪ್ಪಂದ ಸಿಗದಿದ್ದರೆ ಮೊದಲ ವರ್ಷ ಒಬ್ಬರೇ ಬನ್ನಿ. ಪ್ರವಾಸಿಯಾಗಿ ಬಂದು ಸೇರಿಕೊಳ್ಳಿ, ಕಾಗದಪತ್ರ ಆಮೇಲೆ ನೋಡೋಣ ಎನ್ನುವ ಮಧ್ಯವರ್ತಿಯ ಮಾತನ್ನು ನಂಬಬೇಡಿ. ನಿಮ್ಮ ಪದವಿ ಪತ್ರಗಳ ಜೊತೆಗೆ ಹೆಂಡತಿಯ ಪದವಿ ಪತ್ರಗಳನ್ನೂ ಭಾರತದಲ್ಲಿರುವಾಗಲೇ ದೃಢೀಕರಿಸಿಕೊಂಡು ಬನ್ನಿ. ನಾವು ಅದನ್ನು ಮಾಡದೆ ಮೂರು ವರ್ಷ ಕಳೆದುಕೊಂಡೆವು.

ಈ ವರ್ಷ ಅವಳ ಪ್ರಮಾಣಪತ್ರಗಳು ಊರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂದಿವೆ. ಇದೇ ನಗರದ ಒಂದು ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಗಣಿತ ಶಿಕ್ಷಕರು ಬೇಕಾಗಿದ್ದಾರೆ. ಮಾದರಿ ಪಾಠ ಮುಗಿದಿದೆ, ಉತ್ತರ ಬರಬೇಕು. ಅವಳ ಹೆಸರಿಗೇ ಉದ್ಯೋಗದ ವೀಸಾ ಆದರೆ ಇಲ್ಲಿಯೇ ಮುಂದುವರಿಯುತ್ತೇವೆ. ಆಗದಿದ್ದರೆ ನನ್ನ ಒಪ್ಪಂದವನ್ನು ನವೀಕರಿಸುವುದಿಲ್ಲ ಎಂದು ಶಾಲೆಗೆ ತಿಳಿಸಿದ್ದೇನೆ. ಜೂನ್ ವೇಳೆಗೆ ಮಗಳನ್ನು ಸುಳ್ಯದಲ್ಲಿ ಎರಡನೇ ತರಗತಿಗೆ ಸೇರಿಸುತ್ತೇವೆ.