ಮೂವತ್ತು ಸೆಕೆಂಡ್ ಅಂದ್ರೆ ಎಷ್ಟು ಚೊಂಬು?

ಜನವರಿ ಮೊದಲ ವಾರ ನಮ್ಮ ಮನೆ ಗೀಸರ್ ಕೈ ಕೊಟ್ಟಿತು. ರಿಪೇರಿಯವನು ಬಂದು ಬಿಚ್ಚಿ ನೋಡಿದ. ಕಾಯಿಲ್ ಸುತ್ತ ಬೋರ್‌ವೆಲ್ ನೀರಿನ ಸುಣ್ಣ ದಪ್ಪಗೆ ಕೂತಿತ್ತು, ಥೇಟ್ ವಿಭೂತಿ ಉಂಡೆ. "ಕಾಯಿಲ್ ಹೋಗಿದೆ ಸಾರ್, ನಾಳೆ ತರ್ತೀನಿ" ಎಂದು ಹೋದ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನೇ ವಾಪಸ್ ಕಳಿಸಿದ ಬೆಂಗಳೂರು ಇದು. ನಾನ್ಯಾವ ಲೆಕ್ಕ?

ಆಫೀಸಿನಲ್ಲಿ ಗೀಸರ್ ಕೆಟ್ಟಿದೆ ಅಂದಿದ್ದರೆ ಮುಗಿಯುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿದ್ದದ್ದನ್ನು ಪಕ್ಕದ ಸೀಟಿನವರು ಕೇಳಿದರು ನೋಡಿ, ಬಾಯಿಗೆ ಅದೇನು ಬಂತೋ, "ತಣ್ಣೀರು ಸ್ನಾನ ಶುರು ಮಾಡಿದ್ದೀನಿ, 30 ದಿನ, ಇಮ್ಯುನಿಟಿಗೆ ಒಳ್ಳೇದು" ಎಂದುಬಿಟ್ಟೆ. ಸಾಲದ್ದಕ್ಕೆ ಮೊಬೈಲ್ ತೆಗೆದು ಸಾಕ್ಷಿಯನ್ನೂ ತೋರಿಸಿದೆ. ನೆದರ್ಲೆಂಡ್ಸ್‌ನಲ್ಲಿ 3,018 ಜನರ ಮೇಲೆ ಮಾಡಿದ ಪ್ರಯೋಗ, 2016ರಲ್ಲಿ ಪ್ರಕಟವಾಗಿದ್ದು. ತಣ್ಣೀರು ಹೊಯ್ದುಕೊಂಡವರು ಹುಷಾರಿಲ್ಲ ಅಂತ ರಜೆ ಹಾಕಿದ್ದು ಶೇ 29ರಷ್ಟು ಕಡಿಮೆ. ಹೆಡ್‌ಲೈನ್ ಅಷ್ಟೇ ಓದಿದ್ದೆ. ಸಂಜೆ ಹೊತ್ತಿಗೆ ಇಡೀ ಫ್ಲೋರಿಗೆ ಸುದ್ದಿ ಹೋಗಿತ್ತು.

ಇನ್ನು ಬಚ್ಚಲಿನ ಕಥೆ. ರಾತ್ರಿಯೆಲ್ಲ ತಾರಸಿ ಟ್ಯಾಂಕಿನಲ್ಲಿ ಮಲಗಿದ್ದ ನೀರು. ಮೊದಲ ಚೊಂಬು ಪಾದಕ್ಕೆ, ಪರವಾಗಿಲ್ಲ. ಎರಡನೆಯದು ಮಂಡಿಗೆ, ಸಹಿಸಬಹುದು. ಆಮೇಲೆ ಚೊಂಬು ಹಿಡಿದು ಐದು ನಿಮಿಷ ಸುಮ್ನೆ ನಿಲ್ಲುವುದು. ಗಂಗೆ, ಯಮುನೆ, ಕಾವೇರಿ ಎಲ್ಲರನ್ನೂ ಕರೆದೆ, ಒಬ್ಬರೂ ಬೆಚ್ಚಗೆ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಬೆನ್ನಿಗೆ ಸುರಿದೆ. 'ಹಾ' ಎಂದು ಒಳಗೆ ಹೋದ ಉಸಿರು ಆಚೆ ಬರೋಕೇ ಒಪ್ಪಲಿಲ್ಲ, ಎದೆ ಡೊಳ್ಳಿನ ಹಾಗೆ ಬಡಿಯಿತು. ತಣ್ಣೀರು ದಿಢೀರನೆ ಬಿದ್ದರೆ ಮೈ ಮಾಡುವುದೇ ಹೀಗೆ, ಬಿಪಿಯೂ ಏರುತ್ತದೆ. ಅದಕ್ಕೇ ಎಪ್ಪತ್ತು ದಾಟಿದ, ಹಾರ್ಟಿನ ಮಾತ್ರೆ ನುಂಗುವ ನಮ್ಮ ಮಾವ "ನಾನೂ ನಾಳೆಯಿಂದ ಶುರು" ಎಂದಾಗ ಕೈ ಮುಗಿದು ತಡೆದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಎರಡು ನಿಮಿಷ ಮಾತೇ ಇಲ್ಲ. ನಮ್ಮೂರು ಮಲೆನಾಡು. ಅಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿ, ತಾಮ್ರದ ಹಂಡೆಯಲ್ಲಿ ನೀರು ಕುದಿಸಿ, ತೋಟದ ಕೆಲಸ ಮುಗಿಸಿ ಬಂದವರು ಸಂಜೆ ಮೈ ಕೆಂಪಾಗುವಷ್ಟು ಬಿಸಿ ನೀರು ಹೊಯ್ದುಕೊಳ್ಳುತ್ತಿದ್ದರು. ಊಟ ಮಾಡಿ ಮಲಗಿದರೆ ಗೊರಕೆಯೇ. ಮಲಗುವ ಒಂದೆರಡು ಗಂಟೆ ಮೊದಲು ಬಿಸಿ ನೀರಿನ ಸ್ನಾನ ಮಾಡಿದರೆ ಬೇಗ ನಿದ್ದೆ ಬರುತ್ತದೆ ಅಂತ ಈಗ ಸಂಶೋಧಕರೂ ಹೇಳುತ್ತಾರೆ. ಅಂಗೈ ಅಂಗಾಲಿಗೆ ರಕ್ತ ಹರಿದು, ಒಳಗಿನ ಶಾಖ ಅಲ್ಲಿಂದ ಹೊರಗೆ ಹೋಗಿ, ಮೈ ತಂಪಾಗುತ್ತದಂತೆ. ಅಮ್ಮ ಇದಕ್ಕೂ ಮೆಚ್ಚಲಿಲ್ಲ. "ಹಂಡೆ ಇದೆ, ಊರಿಗೆ ಬಾ" ಅಂದಳು, ಅಷ್ಟೇ.

ಒಂಬತ್ತನೇ ದಿನ ಗೀಸರ್ ರಿಪೇರಿ ಆಯಿತು. ಈಗ ನೋಡಿ ಫಜೀತಿ. ಮನೆಯಲ್ಲೂ ಅಷ್ಟರಲ್ಲಿ ದೊಡ್ಡ ಭಾಷಣ ಬಿಗಿದಾಗಿತ್ತು, ವಿಲ್ ಪವರ್ ಅದೂ ಇದೂ ಅಂತ. ಹತ್ತನೇ ದಿನ ಬೆಳಿಗ್ಗೆ ಸದ್ದಿಲ್ಲದೆ ಸ್ವಿಚ್ ಹಾಕಿದೆ. ಆಹಾ, ಆ ಮೊದಲ ಚೊಂಬು! ಸುಳ್ಳು ಸಾಲದು ಅಂತ ನಡುನಡುವೆ "ಹೂ ಹೂ ಹೂ" ಎಂದು ನಡುಗಿದೆ ಕೂಡ. ಆಚೆ ಬಂದ ಮೇಲೆ ಮಗಳು ಒಳಗೆ ಹೋದಳು. ಬಚ್ಚಲ ಕನ್ನಡಿ ಪೂರ್ತಿ ಮಂಜು. ಅದರ ಮೇಲೆ ಬೆರಳಲ್ಲಿ 'ತಣ್ಣೀರು' ಎಂದು ಬರೆದು, ಪಕ್ಕದಲ್ಲಿ ನಗುವ ಮುಖ ಬಿಡಿಸಿ, ಅವರಮ್ಮನನ್ನು ಕರೆದಳು.

ಮಾನ ಉಳಿಸಿಕೊಳ್ಳಲು ಅವತ್ತು ಆ ವರದಿಯನ್ನು ಕೊನೆಯವರೆಗೆ ಓದಿದೆ. ಓದಿದರೆ, ಆ ಡಚ್ಚರು ಮೊದಲು ಆರಾಮಾಗಿ ಬೆಚ್ಚಗೆ ಸ್ನಾನ ಮಾಡಿ, ಕೊನೆಯಲ್ಲಿ ಮಾತ್ರ 30, 60 ಇಲ್ಲವೇ 90 ಸೆಕೆಂಡ್ ತಣ್ಣೀರಿಗೆ ನಿಂತಿದ್ದರು! ಮೂವತ್ತಕ್ಕೂ ತೊಂಬತ್ತಕ್ಕೂ ಫಲ ಹೆಚ್ಚುಕಮ್ಮಿ ಒಂದೇ. ಇನ್ನೊಂದು ಮಜಾ ಏನೆಂದರೆ, ಕಾಯಿಲೆ ಬಿದ್ದ ದಿನಗಳೇನೂ ಕಡಿಮೆಯಾಗಿರಲಿಲ್ಲ, ರಜೆ ಹಾಕಿದ್ದು ಮಾತ್ರ ಕಡಿಮೆ. ಅಂದರೆ ಸೀನಿಕೊಂಡೇ ಡ್ಯೂಟಿಗೆ ಹೋಗಿದ್ದಾರೆ. ಒಂಬತ್ತು ದಿನ ನಾನು ನಡುಗಿದ್ದು ನನ್ನ ಮ್ಯಾನೇಜರ್ ಲಾಭಕ್ಕೆ ಅಂತಾಯ್ತು, ಅಲ್ವಾ?

ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. ಬಿಸಿ ನೀರಿಗೆ ನೆದರ್ಲೆಂಡ್ಸ್‌ನಿಂದಲೇ ಪರ್ಮಿಷನ್ ಇದೆ ನೋಡು ಅಂದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಸರಿ ಹಾಗಾದ್ರೆ, ಇನ್ನು ಇಪ್ಪತ್ತು ದಿನ ಇದೆ. ಕೊನೆಗೆ ಮೂವತ್ತು ಸೆಕೆಂಡ್ ತಣ್ಣೀರು. ನಾನು ಆಚೆ ನಿಂತು ಎಣಿಸ್ತೀನಿ" ಎಂದಳು.

ಮರುದಿನ ಕೊನೆಯ ಬಕೆಟ್ ಎದುರು ಚೊಂಬು ಹಿಡಿದು ನಿಂತೆ. ಬಾಗಿಲಾಚೆ ಎಣಿಕೆ ಶುರುವಾಯಿತು. ಹತ್ತರವರೆಗೆ ಸರಿಯಾಗೇ ಬಂತು. ಆಮೇಲೆ ಯಾರದೋ ಫೋನ್ ಬಂತು, ಮಾತಾಡಿದಳು, ಇಟ್ಟಳು. "ಎಲ್ಲಿದ್ದೆ ನಾನು?" ಎಂದು ಮಗಳನ್ನು ಕೇಳಿದಳು.

"ನಾಲ್ಕು" ಎಂದಳು ಮಗಳು.