ಸ್ಪಷ್ಟನೆ: ಗೋಡೆಯ ಬೂಷ್ಟು ಬರೀ ಕಲೆಯಲ್ಲ
ಗೋಡೆಯ ಕಪ್ಪು ಬೂಷ್ಟನ್ನು ಬಾಡಿಗೆದಾರರೇ ಅಡುಗೆ, ಸ್ನಾನದ ಆವಿಯಿಂದ ತಂದುಕೊಳ್ಳುತ್ತಾರೆ, ಬಣ್ಣ ಬಳಿದರೆ ತೊಂದರೆಯಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಬೂಷ್ಟಿನ ಬಗ್ಗೆ ದೂರಿದ ತಂದೆಯೊಬ್ಬರಿಗೆ ಸಿಕ್ಕಿದ್ದೂ ಬಣ್ಣ ಬಳಿಯಿರಿ ಎಂಬ ಇದೇ ಸಲಹೆ. ಅವರ ಎರಡು ವರ್ಷದ ಮಗ ಅವಾಬ್ ಇಶಾಕ್ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮನೆಯ ಬೂಷ್ಟಿನ ನಡುವೆ ದೀರ್ಘಕಾಲ ಬದುಕಿದ್ದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು 2022ರ ನವೆಂಬರ್‌ನಲ್ಲಿ ವಿಚಾರಣಾಧಿಕಾರಿ ನಿರ್ಣಯಿಸಿದರು.

ಆವಿಯಿಂದ ತೇವ ಹೆಚ್ಚುವುದು ನಿಜ, ಆದರೆ ಅಡುಗೆ ಮಾಡದೆ, ಮೀಯದೆ ಯಾರೂ ಬದುಕಲಾರರು. ಬಚ್ಚಲಿನ ಗಾಳಿಗೆ ಹೊರದಾರಿಯಿಲ್ಲದಿದ್ದರೆ, ಗೋಡೆಯೊಳಗಿನ ಕೊಳವೆ ಸೋರುತ್ತಿದ್ದರೆ, ಬೀರುವಿನ ಹಿಂದೆ ಬಳಿದ ಬಣ್ಣ ಕೆಲವೇ ವಾರಗಳಲ್ಲಿ ಉಬ್ಬಿ ಹಕ್ಕಳೆಯೇಳುತ್ತದೆ; ಅದರಡಿಯಿಂದ ಹರಡುವ ಕಣಗಳು ಆಸ್ತಮಾವನ್ನು ಕೆರಳಿಸುತ್ತವೆ. ಆದ್ದರಿಂದ ಮೊದಲು ಆಗಬೇಕಾದದ್ದು ಸೋರಿಕೆಯ ದುರಸ್ತಿ, ಅದು ಮನೆ ಮಾಲೀಕರ ಕೆಲಸ.