ಆ ಮೀಸೆ ನನ್ನದು

ಮೊನ್ನೆ ಪತ್ರಿಕೆಯಲ್ಲಿ ಬಂದ ಆ ಫೋಟೋ ನೀವೂ ನೋಡಿರುತ್ತೀರಿ. ಫ್ಲೆಕ್ಸ್ ತೆರವು ಕಾರ್ಯಾಚರಣೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಫ್ಲೆಕ್ಸುಗಳ ರಾಶಿ, ರಾಶಿಯ ಮೇಲೆ ಹಗ್ಗ ಬಿಗಿಯುತ್ತಿರುವ ಒಬ್ಬ ಹುಡುಗ, ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತ ನಾಲ್ವರು ಅಧಿಕಾರಿಗಳು. ರಾಶಿಯ ಬಲಬದಿಗೆ ಮಡಚಿದ ಒಂದು ಫ್ಲೆಕ್ಸಿನಿಂದ ಅರ್ಧ ಮುಖ ಹೊರಗೆ ಇಣುಕುತ್ತಿತ್ತು. ಕಣ್ಣು ಮಡಿಕೆಯೊಳಗೆ ಹೋಗಿತ್ತು, ಗದ್ದ ಹಗ್ಗದಡಿ ಸಿಕ್ಕಿತ್ತು. ಮೀಸೆಯೊಂದೇ ಇಡಿಯಾಗಿ ಉಳಿದಿತ್ತು.

ಆ ಮೀಸೆ ನನ್ನದು.

ನನ್ನ ಮೂತಿಯ ಮೇಲಿನದಲ್ಲ, ನಾನು ಹಚ್ಚಿದ್ದು. ಹುಟ್ಟುಹಬ್ಬದ ಅಣ್ಣಾವ್ರು ಕಳಿಸಿದ ಫೋಟೋದಲ್ಲಿ ಮೀಸೆ ಅರ್ಧ ನರೆತು, ಎಡಗಡೆ ಜೋತುಬಿದ್ದಿತ್ತು. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದ ಫೋಟೋ ಅದು. ದೊಡ್ಡದು ಮಾಡಿದರೆ ಮುಖದ ಬದಲು ಶಹಾಬಾದ ಫರಸಿ ಹಾಸಿದಂತೆ ಚೌಕ ಚೌಕ ಕಾಣುತ್ತಿತ್ತು. ರಾತ್ರಿ ಒಂದೂವರೆವರೆಗೆ ಕೂತು ಕೂದಲು ಕೂದಲಾಗಿ ಕಪ್ಪು ಎಳೆದು, ತುದಿ ತಿರುವಿ, ಎರಡೂ ಕಡೆ ತಕ್ಕಡಿ ಹಿಡಿದಂತೆ ಸಮ ಮಾಡಿದ್ದೆ. ಬೆಳಿಗ್ಗೆ ಅದನ್ನು ನೋಡಿದ ಅವರ ಹುಡುಗ ಅಂದದ್ದು ಒಂದೇ ಮಾತು: “ಇನ್ನೂ ಸ್ವಲ್ಪ ಎದ್ದು ಕಾಣೂ ಹಂಗ ಮಾಡ್ರಿ ಸರ.”

ನಾನು ವಿಜಯಪುರದ ಒಬ್ಬ ಫ್ರೀಲಾನ್ಸ್ ಡಿಸೈನರ್. ಫ್ರೀಲಾನ್ಸ್ ಅನ್ನುವ ಶಬ್ದದಲ್ಲಿ ನಮ್ಮ ಮಂದಿಗೆ ಮೊದಲನೇ ಅಕ್ಷರ ಮಾತ್ರ ಕೇಳಿಸುತ್ತದೆ. ಪ್ರಿಂಟ್ ಅಂಗಡಿಯವರೂ ಅದನ್ನೇ ದಪ್ಪ ಅಕ್ಷರದಲ್ಲಿ ಬರೆಸಿ ತೂಗುಹಾಕಿದ್ದಾರೆ: “ಡಿಸೈನ್ ಫ್ರೀ”. ಆ ಬೋರ್ಡನ್ನೂ ನಾನೇ ಡಿಸೈನ್ ಮಾಡಿದ್ದು. ಫ್ರೀಯಾಗಿ.

ಫ್ಲೆಕ್ಸ್ ಎಂದರೆ ಸಾಮಾನ್ಯ ಕಲೆ ಅಂತ ತಿಳಿಯಬೇಡಿ. 10 ಅಡಿ ಅಗಲ, 8 ಅಡಿ ಎತ್ತರ, ಒಟ್ಟು 80 ಚದರಡಿ. ಅದರೊಳಗೆ ಮೇಲೊಂದು ಸಾಲು ಮಹಾಪುರುಷರು, ಅವರ ಕೆಳಗೆ ಈಗಿನ ಮಹಾಪುರುಷರು, ನಡುವೆ ಹುಟ್ಟುಹಬ್ಬದವರು, ಅವರ ಹಿಂದೆ ಹುಲಿ ಅಥವಾ ಸಿಂಹ, ಬುಡದಲ್ಲಿ ಶುಭ ಕೋರುವ 34 ಮಂದಿ. ಈ 34 ಜನರಲ್ಲಿ 20 ಜನ ಕಿವಿಗೆ ಮೊಬೈಲು ಹಿಡಿದೇ ಫೋಟೋ ತೆಗೆಸಿಕೊಂಡಿರುತ್ತಾರೆ. ಇವರೆಲ್ಲ ಅಷ್ಟು ಗಂಭೀರವಾಗಿ ಯಾರ ಜೊತೆ ಮಾತಾಡುತ್ತಿದ್ದಾರೋ ಗೊತ್ತಿಲ್ಲ. ನನ್ನ ಜೊತೆಯಂತೂ ಅಲ್ಲ. ನನ್ನ ಫೋನನ್ನು ಅವರು ಎತ್ತುವುದೇ ಇಲ್ಲ.

ಯಾರ ಫೋಟೋ ಯಾರ ಪಕ್ಕ, ಯಾರದು ಎಷ್ಟು ದೊಡ್ಡದು ಎಂಬ ಲೆಕ್ಕ ಮಂತ್ರಿಮಂಡಲದ ಖಾತೆ ಹಂಚಿಕೆಗಿಂತ ಕಠಿಣ. ಒಬ್ಬ ಮೊಬೈಲಿನ ಮೇಲೆ ಬೆರಳಿಟ್ಟು ಅಳೆದು “ಅವನ ತಲಿ ನನ್ನ ತಲಿಗಿಂತ ದೊಡ್ಡದು ಐತ್ರೀ” ಅಂದ. ನಿಜವಾಗಿ ಅವನ ತಲೆಯೇ ದೊಡ್ಡದು, ಅದಕ್ಕೆ ನಾನೇನು ಮಾಡಲಿ? ಆದರೂ ಮಾಡಿದೆ. ಇಬ್ಬರ ತಲೆಯನ್ನೂ ಸಮ ಮಾಡಿದೆ. ಹುಟ್ಟಿಸಿದ ಶಿವನಿಗೆ ಆಗದ್ದು ನನಗೆ ಕಂಟ್ರೋಲ್ ಟಿ ಒತ್ತಿದರೆ ಆಗುತ್ತದೆ.

ಇನ್ನು ಬಣ್ಣ. “ಮೊಬೈಲ್‌ದಾಗ ಕೇಸರಿ ಬೆಂಕಿ ಹಂಗ ಇತ್ತು, ಫ್ಲೆಕ್ಸ್ ಮ್ಯಾಲ ಇಟ್ಟಂಗಿ ಆಗೈತಿ” ಅಂತ ಜಗಳ. ಪರದೆ ಮೂರು ಬಣ್ಣದ ಬೆಳಕಿನಲ್ಲಿ ಹೊಳೆಯುತ್ತದೆ, ಮಷಿನ್ನು ನಾಲ್ಕು ಬಣ್ಣದ ಮಸಿಯಲ್ಲಿ ಉಗುಳುತ್ತದೆ, ಆರ್‌ಜಿಬಿಯ ಬೆಂಕಿ ಸಿಎಂವೈಕೆಗೆ ಬಂದಾಗ ಆರುತ್ತದೆ ಅಂತ ತಿಳಿಸಿ ಹೇಳಿದೆ. ಅವರು ಕೇಳಿಸಿಕೊಂಡರು. ಕೇಳಿಸಿಕೊಂಡು 50 ರೂಪಾಯಿ ಮುರಿದುಕೊಂಡರು.

ಅಕ್ಷರದ ಕತೆ ಇದಕ್ಕಿಂತ ರಸವತ್ತಾದದ್ದು. ಗಿರಾಕಿ ಮ್ಯಾಟರ್ ಕಳಿಸುವುದು ಈಗಿನ ಮೊಬೈಲುಗಳ ಯುನಿಕೋಡಿನಲ್ಲಿ, ಅಂಗಡಿಯ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾ ತಿನ್ನುವುದು ಹಳೆಯ ಕಾಲದ ನುಡಿ ಫಾಂಟನ್ನು. ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಒತ್ತಕ್ಷರಗಳು ಬಸ್ಸಿನ ಬಾಗಿಲಲ್ಲಿ ಜೋತಾಡುವ ಹುಡುಗರಂತೆ ಎಲ್ಲೋ ಒಂದು ಕಡೆ ಉದುರುತ್ತವೆ. ಅರ್ಕಾವತ್ತು ಒಮ್ಮೊಮ್ಮೆ ಹಿಂದಿನ ಅಕ್ಷರದ ಮಡಿಲಿಗೆ ಹೋಗಿ ಕೂರುತ್ತದೆ. ಫೋಟೋಶಾಪಿನಲ್ಲಿ ಅಕ್ಷರ ಜೋಡಿಸುವ ಸರಿಯಾದ ಕಂಪೋಸರ್ ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಸೆಟೆದು ನಿಲ್ಲುತ್ತದೆ. ಇದನ್ನೆಲ್ಲ ಒಂದೊಂದಾಗಿ ಹೆಕ್ಕಿ ಕೂಡಿಸುವವನು ನಾನು.

ಹಾಗೆ ಹೆಕ್ಕುವಾಗ ಒಮ್ಮೆ “ಶುಭಾಶಯಗಳು” ಅಂತ ಸರಿಯಾಗಿ ಬರೆದುಬಿಟ್ಟೆ. ಗಿರಾಕಿಗೆ ಮುಖ ಕಪ್ಪಿಟ್ಟಿತು. “ತಪ್ಪ್ ಬರದೀರಿ. ಹೊಟ್ಟಿ ಸೀಳೂ ಷ ಬರಬೇಕ.” ಅಲ್ಲ ಸ್ವಾಮಿ, ಶುಭ ಮತ್ತು ಆಶಯ ಕೂಡಿದರೆ ಶುಭಾಶಯ, ಆಶಯದಲ್ಲಿ ಯಾರ ಹೊಟ್ಟೆಯನ್ನೂ ಸೀಳಬೇಕಿಲ್ಲ ಅಂದೆ. ಆತ ನನ್ನನ್ನು ರಸ್ತೆಗೆ ಕರೆದೊಯ್ದು ಬೆರಳು ತೋರಿಸಿದ. ಒಂದು, ಎರಡು, ಮೂರು... ಗಾಂಧಿಚೌಕದವರೆಗೂ ಎಲ್ಲ ಕಡೆ “ಶುಭಾಷಯ”. “ನೋಡ್ರಿ, ಊರ ಮಂದಿ ಎಲ್ಲಾ ಹಿಂಗ ಬರೀತಾರ. ನಮ್ದಷ್ಟ ಬ್ಯಾರೆ ಯಾಕ?” ನಾನು ಸೀಳಿದೆ. ಅದೇ ವಾರ ಇನ್ನೊಬ್ಬರಿಗೆ “ಶೃದ್ಧಾಂಜಲಿ”ಯನ್ನೂ ಬರೆದುಕೊಟ್ಟೆ. ಸತ್ತವರು ಬಂದು ಕೇಳುವುದಿಲ್ಲವಲ್ಲ. ಅವರ ಫೋಟೋ ಇದ್ದದ್ದು ಮೂಲೆಯಲ್ಲಿ, ಅಂಚೆಚೀಟಿಯಷ್ಟು; ದುಃಖತಪ್ತರು ಮಾತ್ರ ಕಪ್ಪು ಕನ್ನಡಕ ಹಾಕಿಕೊಂಡು ಆಳೆತ್ತರ ನಿಂತಿದ್ದರು.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದಿದರು. ಬಹಳ ಒಳ್ಳೆಯದಾಯಿತು, ನನಗೆ ಒಂದು ತಿಂಗಳು ಭರ್ತಿ ಕೆಲಸ ಸಿಕ್ಕಿತು. ಅಂಗಡಿಕಾರರೆಲ್ಲ ಟೇಪು ಹಿಡಿದುಕೊಂಡೇ ಬಂದರು. ಅಗಲ ಅಳೆದರು, ಎತ್ತರ ಅಳೆದರು. ಕಾಗುಣಿತ ಅಳೆಯುವ ಟೇಪು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಈಗ ನಮ್ಮೂರಿನಲ್ಲಿ ಶೇ 60ರಷ್ಟು ಜಾಗದಲ್ಲಿ ಕನ್ನಡದಂತೆ ಕಾಣುವ ಏನೋ ಒಂದು ಇದೆ.

ಈ ಊರಿಗೆ ಅಕ್ಷರದ ಗತ್ತು ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಫ.ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ ತಾಳೆಗರಿ ಕೂಡಿಹಾಕಿ, 1923ರಲ್ಲಿ ವಚನಗಳನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿ, ಆಮೇಲೆ ಇದ್ದ ಮನೆಯನ್ನೇ ಮಾರಿ ಇಲ್ಲೇ ಹಿತಚಿಂತಕ ಮುದ್ರಣಾಲಯ ನಡೆಸಿದ ಊರು ಇದು. ಆಗ ಮನೆ ಮಾರಿ ಮುದ್ರಣಾಲಯ ಹಾಕಿದರು, ಈಗ ಮುದ್ರಣಾಲಯ ಹಾಕಿದವರು ಮನೆ ಕಟ್ಟುತ್ತಾರೆ. ಜುಲೈ 2ಕ್ಕೆ ಅವರ ಜಯಂತಿ. ಒಂದು ವರ್ಷ ಅದರ ಬ್ಯಾನರು ನನ್ನ ಪಾಲಿಗೆ ಬಂತು. ನಡುವೆ ಹಳಕಟ್ಟಿಯವರನ್ನು ಇಟ್ಟು, ಸುತ್ತ ಖಾಲಿ ಜಾಗ ಬಿಟ್ಟು, ಕೆಳಗೆ ಒಂದೇ ಒಂದು ವಚನದ ಸಾಲು ಹಾಕಿ ಕಳಿಸಿದೆ. ಹದಿನೈದು ವರ್ಷದಲ್ಲಿ ನನಗೇ ಹಿಡಿಸಿದ ಒಂದು ಡಿಸೈನು. ಹತ್ತು ನಿಮಿಷಕ್ಕೆ ಫೋನು: “ಸರ, ಜಾಗಾ ಭಾಳ ಖಾಲಿ ಉಳದೈತಿ, ಅಲ್ಲೆ ನಮ್ಮ ಸಾಹೇಬ್ರನ್ನ ಹಾಕ್ರಿ.” ಹಾಕಿದೆ. ಮತ್ತೆ ಫೋನು: “ಅಜ್ಜಾರನ್ನ ಸ್ವಲ್ಪ ಬಾಜೂಕ ಸರಸ್ರಿ, ಸಾಹೇಬ್ರ ಹೆಗಲಿಗೆ ಹತ್ತಾಕತ್ತಾರ.”

ಸರಿಸಿದೆ. ಹಳಕಟ್ಟಿಯವರನ್ನು ವಿಜಯಪುರದಲ್ಲಿ ಬಾಜೂಕೆ ಸರಿಸಿದವನು ನಾನೇ. ಬರೆದಿಟ್ಟುಕೊಳ್ಳಿ.

ಕಾಗದ, ಫ್ಲೆಕ್ಸಿನ ಸಹವಾಸ ಬೇಡ, ಬ್ಲಾಗ್ ಥೀಮ್ ಮಾಡೋಣ ಅಂತ ಒಮ್ಮೆ ಆ ಕಡೆಯೂ ಹೋಗಿ ಬಂದೆ. ಒಬ್ಬ ನಿವೃತ್ತ ಕವಿಗಳು ಸಿಕ್ಕರು. (ನಿವೃತ್ತಿ ನೌಕರಿಯಿಂದ, ಕವಿತೆಯಿಂದಲ್ಲ.) ಬೇಡಿಕೆ ಸರಳವಿತ್ತು: ಹಿನ್ನೆಲೆಯಲ್ಲಿ ಗೋಲಗುಮ್ಮಟ, ಅದರ ಮೇಲೆ ಮೋಡ, ಮೋಡದಿಂದ ಪಾರಿಜಾತದ ಹೂ ಉದುರುತ್ತಿರಬೇಕು, ಪುಟ ತೆರೆದ ಕೂಡಲೇ ಕೊಳಲು ನುಡಿಯಬೇಕು, ಓದುಗರ ಸಂಖ್ಯೆ ತೋರಿಸುವ ಗಡಿಯಾರದಂಥದ್ದು ಒಂದು ತಿರುಗುತ್ತಿರಬೇಕು, ಮತ್ತು ಆ ಸಂಖ್ಯೆ ಸೊನ್ನೆಯಿಂದ ಶುರುವಾಗಬಾರದು. ಕವಿತೆ ಎಲ್ಲಿ ಹಾಕಲಿ ಸರ್ ಅಂತ ಕೇಳಿದೆ. “ಎಲ್ಲರ ಹಾಕ್ರಿ, ಜಾಗಾ ಉಳದಲ್ಲೆ.” ಎಲ್ಲ ಮಾಡಿ ಬುಡದಲ್ಲಿ ಇರುವೆ ಗಾತ್ರದಲ್ಲಿ “ವಿನ್ಯಾಸ” ಅಂತ ನನ್ನ ಹೆಸರು ಹಾಕಿಕೊಂಡಿದ್ದೆ. ಅದನ್ನು ತೆಗೆಯಿರಿ ಅಂದರು. ಯಾಕೆ ಅಂದೆ. “ಕವಿತಾನೂ ನೀವ ಬರದದ್ದು ಅಂತ ಮಂದಿ ತಿಳಕೊಂಡ್ರ?” ಆ ಕವಿತೆಗಳನ್ನು ಓದಿದ್ದೆ. ಆ ಭಯ ಅವರಿಗಿಂತ ನನಗೆ ಹೆಚ್ಚಿತ್ತು, ತಕ್ಷಣ ತೆಗೆದೆ.

ಈಗ ಮತ್ತೆ ಟ್ರ್ಯಾಕ್ಟರಿಗೆ ಬರೋಣ. ಸಾರ್ವಜನಿಕ ಸ್ಥಳ ಅಂದಗೆಡಿಸಬಾರದು ಅಂತ ನಮ್ಮ ರಾಜ್ಯದಲ್ಲಿ 1981ರ ಒಂದು ಕಾಯ್ದೆ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದು ಸಾಲದೆ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆ ಫ್ಲೆಕ್ಸನ್ನೂ ಸೇರಿಸಿದರು. ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಬಳಸುವ ಹಾಗಿಲ್ಲ. ಆ ವರ್ಷ ಹೆದರಿ ಬೇರೆ ಉದ್ಯೋಗ ಹುಡುಕಿದ್ದೆ. ಸುಮ್ಮನೆ ಹೆದರಿದ್ದೆ. ನಿಷೇಧದ ನಂತರವೇ ಕೆಲಸ ದುಪ್ಪಟ್ಟಾಯಿತು. ನಿಷೇಧವನ್ನು ಜನರಿಗೆ ತಿಳಿಸಬೇಕಲ್ಲ? ಇತ್ತೀಚೆಗೆ ಒಂದು ಕಚೇರಿಯಿಂದ ಕರೆ ಬಂತು. ಯಾವ ಕಚೇರಿ ಅಂತ ಹೇಳುವುದಿಲ್ಲ, ನನಗೆ ಇನ್ನೂ ಈ ಊರಲ್ಲೇ ಬಾಳಬೇಕಿದೆ. “ಸ್ವಚ್ಛ ಸುಂದರ ನಗರ” ಅಂತ 20 ಬ್ಯಾನರು. ಯಾವುದರ ಮೇಲೆ ಪ್ರಿಂಟು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಇಬ್ಬರೂ ಮಾನವಂತರು. ಡಿಸೈನಿನ ರೊಕ್ಕದ ಮಾತು ತೆಗೆದಾಗ ಮಾತ್ರ ಅವರು ನೊಂದುಕೊಂಡರು. “ಇದು ಸಮಾಜಸೇವಾ ಅಂತ ತಿಳೀರಿ. ಒಂದ್ ಸರ್ಟಿಫಿಕೇಟ್ ಕೊಡಸ್ತೀನಿ.” ಸರ್ಟಿಫಿಕೇಟ್ ಬಂತು. ಅದರ ಡಿಸೈನು ಬಹಳ ಕೆಟ್ಟದಾಗಿತ್ತು.

ತಮಾಷೆ ಇಲ್ಲಿಗೆ ಸಾಕು. ನನಗೆ ಬರಬೇಕಾದ ಬಾಕಿ ಇವತ್ತಿಗೆ 23,400 ರೂಪಾಯಿ. 11 ಜನರಿಂದ. ಬಿದಿರು ಕಟ್ಟುವವನಿಗೆ ಸ್ಥಳದಲ್ಲೇ ಕೊಡುತ್ತಾರೆ, ಇಲ್ಲದಿದ್ದರೆ ಅವನು ಬಿದಿರು ಬಿಚ್ಚಿಕೊಂಡು ಹೋಗುತ್ತಾನೆ. ಪ್ರಿಂಟಿನವನಿಗೆ ಮುಂಗಡ ಕೊಡುತ್ತಾರೆ, ಇಲ್ಲದಿದ್ದರೆ ಅವನು ಮಷಿನ್ನೇ ಚಾಲೂ ಮಾಡುವುದಿಲ್ಲ. ನಾನು ಏನು ಬಿಚ್ಚಿಕೊಂಡು ಹೋಗಲಿ? ಮೀಸೆಯನ್ನೇ? “ಐದು ನಿಮಿಷದ ಕೆಲಸ” ಅನ್ನುತ್ತೀರಿ. ಐದು ನಿಮಿಷದಲ್ಲಿ ಮಾಡಲು ಹದಿನೈದು ವರ್ಷ ಬೆನ್ನು ಮುರಿದುಕೊಂಡಿದ್ದೇನೆ, ಕನ್ನಡಕದ ನಂಬರು ಮೂರು ಸಲ ಏರಿದೆ. ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನು ಮಾಡುವವರು ಹಬ್ಬದ ಮರುದಿನ ಎದುರಿಗೆ ಸಿಕ್ಕರೆ ರಸ್ತೆಯ ಆ ಬದಿಗೆ ದಾಟುತ್ತಾರೆ. ಸಾಕಾಗಿದೆ.

ಬೇಸರ ಬಂದಾಗ ನಾನು ಆದಿಲ್‌ಶಾಹಿ ಸುಲ್ತಾನನ ಗೋರಿ ಇರುವ ಇಬ್ರಾಹಿಂ ರೋಜಾಕ್ಕೆ ಹೋಗಿ ಕೂರುತ್ತೇನೆ. ಅಲ್ಲಿಯ ಕಿಟಕಿಗಳನ್ನು ನೋಡಿದ್ದೀರಲ್ಲ, ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಬೆಳಕು ಅಕ್ಷರದ ಸುತ್ತಿನಿಂದಲೇ ಒಳಗೆ ಬರಬೇಕು. ಒಂದು ಬಳುಕು ಹೆಚ್ಚು ಕೊರೆದರೆ ಹಲಗೆ ಇಡಿಯಾಗಿ ಹೋಯಿತು, ಕಂಟ್ರೋಲ್ ಝಡ್ ಇಲ್ಲ. ಅಲ್ಲೇ ಒಂದು ಪರ್ಶಿಯನ್ ಶಾಸನವೂ ಇದೆ. ಕೆಲಸ ಮಾಡಿಸಿದವನು ಮಲಿಕ್ ಸಂದಲ್, ಖರ್ಚು ಒಂದೂವರೆ ಲಕ್ಷ ಹೊನ್ನು, ಮೇಲೆ 900. ಹೆಸರು, ಬಿಲ್ಲು ಎರಡೂ ಕಲ್ಲಿನ ಮೇಲೆ, ನಾಲ್ಕು ನೂರು ವರ್ಷದಿಂದ. ಇದನ್ನು ಹೇಳಿದಾಗ ನನ್ನ ಜೊತೆಗಿದ್ದ ಇನ್ನೊಬ್ಬ ಡಿಸೈನರ್ ನಿಟ್ಟುಸಿರು ಬಿಟ್ಟ: “ಆ ಮ್ಯಾಲಿನ 900 ಕರೆಕ್ಷನ್ ಚಾರ್ಜ್ ಇರಬೇಕ್ ನೋಡೋ.”

ತೆರವು ಮಾಡಿದ ಫ್ಲೆಕ್ಸುಗಳು ಎಲ್ಲಿ ಹೋಗುತ್ತವೆ ಅಂತ ಕೇಳುವಿರಾದರೆ ತಿಕೋಟಾ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಜೋಳದ ಕಣಕಿ ಬಣವಿಗಳ ಮೇಲೆ, ಒಣದ್ರಾಕ್ಷಿ ಶೆಡ್ಡುಗಳ ಮಗ್ಗುಲಿಗೆ ನನ್ನ ಜೀವಮಾನದ ಕೃತಿಗಳೆಲ್ಲ ಪ್ರದರ್ಶನಕ್ಕಿವೆ. ಕೆಲವರು ಮುಖ ಒಳಗೆ ಮಾಡಿ ಹೊದಿಸುತ್ತಾರೆ, ಎಮ್ಮೆ ಬೆದರುತ್ತದಂತೆ.

ನಮ್ಮ ಮನೆಯ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿದೆ. ಪತ್ರಿಕೆಯ ಫೋಟೋ ನೋಡಿದ ಸಂಜೆ ಆ ಟ್ರ್ಯಾಕ್ಟರಿನ ಹುಡುಗನನ್ನು ಹುಡುಕಿಕೊಂಡು ಹೋದೆ. ಮೀಸೆಯ ಫ್ಲೆಕ್ಸು ಇನ್ನೂ ರಾಶಿಯಲ್ಲೇ ಇತ್ತು. ಅದನ್ನು ಕೊಡಪ್ಪಾ ಅಂದೆ.

“200 ಕೊಡ್ರಿ.”

ಅದರ ಡಿಸೈನಿಗೆ ನನಗೆ ಗೊತ್ತುಮಾಡಿದ್ದು 150, ಅದೂ ಇನ್ನೂ ಬಂದಿಲ್ಲ. 100ಕ್ಕೆ ಕೊಡು ಅಂದೆ. ಹುಡುಗ ಮಡಿಕೆ ಬಿಚ್ಚಿ, ಫ್ಲೆಕ್ಸನ್ನು ಅಂಗೈಯಿಂದ ಒರೆಸಿ, ಒಂದು ಕ್ಷಣ ನೋಡಿದ.

“ಆಗಂಗಿಲ್ರಿ. ಮೀಸಿ ನೋಡ್ರಿ, ಎಷ್ಟ್ ಛಂದ ಬಂದೈತಿ.”